ಮುಟ್ಟಿದ ನೀರು

ನಮ್ಮ ಡ್ರಾಯಿಂಗ್ ಮಿಸ್ ತಮ್ಮ ಬಲಗೈಯನ್ನು ಮೈಗೆ ತಾಗಿಸದೆ, ಒಂದಿಷ್ಟು ದೂರ ಹಿಡಿದುಕೊಂಡೇ ನಡೆಯುತ್ತಿದ್ದರು. ಬೆರಳುಗಳು ಸ್ವಲ್ಪ ಬಿಡಿಸಿಕೊಂಡು ಕೆಳಮುಖವಾಗಿರುತ್ತಿದ್ದವು, ಈಗಷ್ಟೇ ನೀರಿನಿಂದ ತೆಗೆದ ಕೈಯಿಂದ ಹನಿ ಇಳಿಯಲೆಂದು ಕಾಯುತ್ತಿರುವ ಹಾಗೆ. ಉಗುರಿನ ಅಂಚಿನಲ್ಲಿ ಹಸಿರೋ ನೇರಳೆಯೋ ಒಂದು ಬಣ್ಣ ಯಾವಾಗಲೂ ಉಳಿದಿರುತ್ತಿತ್ತು. ಸೀರೆಗೆ ಬಣ್ಣ ಹತ್ತದಿರಲೆಂದು ಹೀಗೆ ಮಾಡುತ್ತಾರೆ ಎಂದು ನಾವು ಹುಡುಗಿಯರು ಅಂದುಕೊಂಡಿದ್ದೆವು. ಬಣ್ಣವನ್ನೇ ಮುಟ್ಟದ ದಿನಗಳಲ್ಲೂ, ಬಸ್ಸಿಗೆ ಕಾಯುವಾಗಲೂ, ನಿದ್ದೆಯಲ್ಲೂ ಆ ಕೈ ಹಾಗೇ ಇರುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಮಿಸ್ ಹುಟ್ಟಿದ್ದು ನಮ್ಮೂರಿನಲ್ಲಿ, ನಮ್ಮ ಕೇರಿಯಲ್ಲಿ. ಹೊಳೆನರಸೀಪುರದಿಂದ ಬಸ್ಸು ಹಿಡಿದರೆ ಮುಕ್ಕಾಲು ಗಂಟೆಯ ದಾರಿ. ಊರಿನ ಹೆಸರನ್ನು ನಾನು ಬರೆಯುತ್ತಿಲ್ಲ. ಆ ಗೋಡೆಯನ್ನು ನೋಡಿದವರಿಗೆ ಹೆಸರು ಬೇಕಾಗಿಲ್ಲ. ನಮ್ಮ ಕೇರಿಯಿಂದ ಮೈಸೂರಿಗೆ ಹೋಗಿ ಚಿತ್ರ ಕಲಿತವರು ಅವರೊಬ್ಬರೇ. ಆಮೇಲೆ ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಶಿಕ್ಷಕಿಯಾದರು. ಹೊಳೆಯ ಕಡೆ ಒಂದು ಬಾಡಿಗೆ ಮನೆ. ಮದುವೆಯಾಗಲಿಲ್ಲ. ಮುಂದಿನ ಕೋಣೆಯಲ್ಲಿ ಬುದ್ಧನ ಒಂದು ಸಣ್ಣ ಪಟ, ಒಂದು ಬೆತ್ತದ ಕುರ್ಚಿ, ಉಳಿದಿದ್ದೆಲ್ಲ ಕ್ಯಾನ್‌ವಾಸು ಮತ್ತು ಟರ್ಪೆಂಟೈನ್ ವಾಸನೆ. ಭಾನುವಾರ ನಮ್ಮ ಕೇರಿಯ ಹುಡುಗಿಯರು ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಚಿತ್ರ ಕಲಿಯುತ್ತಿದ್ದೆವು.

ಅವರ ಪೆಟ್ಟಿಗೆಯಲ್ಲಿ ಕಪ್ಪು ಬಣ್ಣವೇ ಇರಲಿಲ್ಲ. ಒಮ್ಮೆ ಹೇಮಾವತಿಯ ದಂಡೆಯಲ್ಲಿ ಕೂತು ಬರೆಯುವಾಗ ನಾನು ಕೇಳಿದೆ, "ಮಿಸ್, ನೆರಳಿಗೆ ಕಪ್ಪು ಬ್ಯಾಡ್ವಾ?"

"ನೆರಳು ಕಪ್ಪಗಿರ್ತದೆ ಅಂತ ಯಾರೇ ಏಳ್ದೋರು ನಿಂಗೆ? ಎದ್ದೋಗಿ ಆ ಬಂಡೆ ಹಿಂದ್ಗಡೆ ನೋಡ್ಕಂಡ್ ಬಾ."

ಹೋಗಿ ನೋಡಿದೆ. ಬಂಡೆಯ ನೆರಳು ಮರಳಿನ ಮೇಲೆ ತಿಳಿ ನೇರಳೆಯಾಗಿತ್ತು. ಅಂಚಿನಲ್ಲಿ ನೀಲಿ. ನೀರಿಗೆ ತಾಗುವ ಕಡೆ ಹಸಿರು.

"ಕಂಡ್ತಾ? ನಮ್ಮುನ್ನೂ ಊರೋರು ಇಂಗೇ ಕಣೆ, ನೋಡ್ದಲೇ ಬಣ್ಣ ಏಳ್ಬುಡ್ತಾರೆ," ಎಂದು ಮಿಸ್ ನಕ್ಕರು. ಶಾಲೆಯಲ್ಲಿ ಅವರದು ಪುಸ್ತಕದ ಕನ್ನಡ. ನಮ್ಮ ಜೊತೆ ಮಾತ್ರ ಕೇರಿಯ ಮಾತು.

ಅವರು ಯಾರನ್ನೂ ಬೈದದ್ದನ್ನು ನಾನು ಕೇಳಿಲ್ಲ. ಯಾರನ್ನೂ ಕ್ಷಮಿಸಿದ್ದನ್ನೂ ನೋಡಿಲ್ಲ. ಅವರ ಶಾಲೆಯಲ್ಲಿ ಒಬ್ಬ ಹಿರಿಯ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಮಿಸ್‌ಗೆಂದು ಬೇರೆ ಲೋಟ ಇಡಿಸಿದ್ದರು, ಅಂಚು ಜಜ್ಜಿಹೋದ ಸ್ಟೀಲ್ ಲೋಟ. ಮಿಸ್ ವರ್ಷಗಟ್ಟಲೆ ಅದರಲ್ಲೇ ಟೀ ಕುಡಿದರು. ಆ ಮೇಷ್ಟ್ರು ನಿವೃತ್ತರಾದಾಗ ಬೀಳ್ಕೊಡುಗೆಗೆ ಅವರದೊಂದು ಭಾವಚಿತ್ರ ಬರೆದುಕೊಡಬೇಕೆಂದು ಎಲ್ಲರೂ ಮಿಸ್‌ಗೆ ಹೇಳಿದರು. ಬರೆದುಕೊಟ್ಟರು. ಮೇಷ್ಟ್ರು ಗಂಭೀರವಾಗಿ ಕುರ್ಚಿಯಲ್ಲಿ ಕೂತಿದ್ದಾರೆ, ಬಲಗೈಯಲ್ಲಿ ಟೀ ಲೋಟ, ಅದರ ಅಂಚು ಜಜ್ಜಿದೆ. ಹಾಸನದ ಅವರ ಮನೆಯ ಹಜಾರದಲ್ಲಿ ಅದು ಈಗಲೂ ಇದೆ. ಮುಖ ಅವರದೇ, ಒಂದು ಗೆರೆ ಆಚೀಚೆ ಆಗಿಲ್ಲ. ಲೋಟ ಯಾರದೆಂದು ಆ ಮನೆಯಲ್ಲಿ ಯಾರೂ ಕೇಳಿಲ್ಲ.

ಇದು ಅವರ ಸಣ್ಣ ಲೆಕ್ಕ. ದೊಡ್ಡದು ಕೊಳದ್ದು.

ಕೊಳದ ಕಥೆ ಕೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ನನಗೆ ಹೇಳಿದವಳು ನನ್ನ ಅಜ್ಜಿ. ಊರಿನ ದೊಡ್ಡಮನೆಯವರ ತೆಂಗಿನ ತೋಟದಲ್ಲಿ ಕಲ್ಲಿನ ಮೆಟ್ಟಿಲು ಕಟ್ಟಿದ ಒಂದು ಕೊಳವಿತ್ತು, ಅದರ ತುಂಬ ನೈದಿಲೆ. ಊರಿನ ಮದುವೆಗಳ ಗಂಗೆಪೂಜೆ ನಡೆಯುತ್ತಿದ್ದುದು ಅಲ್ಲಿಯೇ. ಹೆಂಗಸರು ಕಳಶ ಹಿಡಿದು, ಓಲಗದವರನ್ನು ಮುಂದೆ ಬಿಟ್ಟುಕೊಂಡು ತೋಟಕ್ಕೆ ಹೋಗಿ, ಮೆಟ್ಟಿಲಿಳಿದು ನೀರಿಗೆ ಅರಿಶಿನ ಕುಂಕುಮ ಹಾಕಿ, ಆರತಿ ಎತ್ತಿ, ಕಳಶ ತುಂಬಿಕೊಂಡು ಬಂದರೆ ಮದುವೆ ಶುರು. ನಮ್ಮ ಕೇರಿಯವರು ಆ ತೋಟದಲ್ಲಿ ಪಾತಿ ಮಾಡಬಹುದಿತ್ತು, ಕಾಯಿ ಹೊರಬಹುದಿತ್ತು. ಮೆಟ್ಟಿಲು ಇಳಿಯುವಂತಿರಲಿಲ್ಲ. ಬಾಯಾರಿದರೆ ಬೇಲಿಯ ಹತ್ತಿರ ನಿಂತು ಬೊಗಸೆ ಒಡ್ಡಬೇಕು, ಯಾರಾದರೂ ಮೇಲಿನಿಂದ ನೀರು ಹುಯ್ಯುತ್ತಿದ್ದರು.

ಮಿಸ್ ಆಗ ಸಣ್ಣ ಹುಡುಗಿ. ಒಂದು ಸಂಜೆ ತೋಟದಲ್ಲಿ ಕೆಲಸಕ್ಕಿದ್ದ ಅಪ್ಪನನ್ನು ಕರೆಯಲು ಹೋದಳು. ತೆಂಗಿನ ಮರಗಳ ನಡುವಿನಿಂದ ಬಿಸಿಲು ಅಡ್ಡಲಾಗಿ ಬಿದ್ದು ನೀರು ಒಂದು ಕಡೆ ಕಿತ್ತಳೆ, ಒಂದು ಕಡೆ ಗುಲಾಬಿಯಾಗಿತ್ತು. ದೊಡ್ಡಮನೆಯ ಬಿಳಿ ಗೋಡೆ ಅದರಲ್ಲಿ ತಲೆಕೆಳಗಾಗಿ ನಿಂತಿತ್ತು. ಹುಡುಗಿ ಮೆಟ್ಟಿಲಿಳಿದು ಬಲಗೈಯನ್ನು ನೀರಿಗೆ ಅದ್ದಿದಳು.

"ಬಣ್ಣ ಕೈಗತ್ತುತ್ತಾ ಅಂತ ನೋಡ್ದೆ ಕಣೆ, ಅಷ್ಟೇಯ," ಎಂದು ಮಿಸ್ ಒಮ್ಮೆ ನನಗೆ ಹೇಳಿದರು.

ದೊಡ್ಡಮನೆಯ ಯಜಮಾನರು ಜಗಲಿಯಿಂದ ಅದನ್ನು ಕಂಡರು. ಆಗ ಅವರಿಗೆ ಎಳೆಯ ವಯಸ್ಸು, ಯಜಮಾನಿಕೆ ಹೊಸದು. ಅವರು ಹುಡುಗಿಯನ್ನು ಹೊಡೆಯಲಿಲ್ಲ. ಮರುದಿನ ಬೆಳಿಗ್ಗೆ ಅವಳ ಅಪ್ಪನ ಕೈಗೆ ಒಂದು ಸೀಮೆಎಣ್ಣೆ ಡಬ್ಬ ಕೊಟ್ಟು, ಇಡೀ ಕೊಳವನ್ನು ಅವನೊಬ್ಬನಿಂದಲೇ ಮೊಗೆದು ಚೆಲ್ಲಿಸಿದರು. ಬೇರೆ ಯಾರೂ ಕೈಹಾಕುವಂತಿಲ್ಲ. ಮುಟ್ಟಿದವಳು ಬೇಲಿಯಾಚೆ ನಿಂತು ನೋಡಬೇಕು. ತಳದ ಕೆಸರು ಕಾಣುವ ಹೊತ್ತಿಗೆ ಕತ್ತಲಾಗಿತ್ತು. ಕಿತ್ತು ಹಾಕಿದ ನೈದಿಲೆ ದಂಡೆಯ ಮೇಲೆ ಬಾಡಿ ಬಿದ್ದಿತ್ತು. ಆಮೇಲೆ ಬಾವಿಯಿಂದ ಹೊಸ ನೀರು ಬಿಟ್ಟು, ಪೂಜೆ ಮಾಡಿ, ಕೊಳವನ್ನು ಶುದ್ಧ ಮಾಡಿಕೊಂಡರು.

ಮನೆಗೆ ಬಂದ ಅಪ್ಪ ಮಗಳ ಮೇಲೆ ಕೈಯೆತ್ತಲಿಲ್ಲವಂತೆ. ಡಬ್ಬದ ತಗಡು ಕುಯ್ದ ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಾ, "ಎಂಗಿತ್ತವ್ವ ನೀರು?" ಎಂದು ಕೇಳಿದನಂತೆ.

"ತಣ್ಣಗಿತ್ತು ಕಣಪ್ಪ. ಬಣ್ಣ ಮಾತ್ರ ಬರ್ಲಿಲ್ಲ."

ಅಲ್ಲಿಂದ ಮುಂದೆ ಮಿಸ್ ತಮ್ಮ ಬದುಕಿನಲ್ಲಿ ಬರೆದದ್ದೆಲ್ಲ ಕೊಳವೇ. ಬೆಳಗಿನ ಕೊಳ, ಮಧ್ಯಾಹ್ನದ ಕೊಳ, ಮೋಡ ಕವಿದ ಕೊಳ. ಗೆರೆ ಎಳೆಯದೆ ಬಣ್ಣದ ಸಣ್ಣ ಸಣ್ಣ ತುಣುಕುಗಳನ್ನು ಪಕ್ಕಪಕ್ಕದಲ್ಲಿ ಇಡುತ್ತಾ ಹೋಗುವ ಶೈಲಿ ಅವರದು. ಹತ್ತಿರದಿಂದ ನೋಡಿದರೆ ಬರೀ ಮೆತ್ತಿದ ಬಣ್ಣ. ದೂರ ಹೋದರೆ ನೀರು, ಎಲೆ, ಬೆಳಕು. ಈ ಬಗೆಯ ಚಿತ್ರಗಳನ್ನು ಅವರು ಮೊದಲು ಕಂಡದ್ದು ಮೈಸೂರಿನಲ್ಲಿ ಓದುವಾಗ, ಹೊರದೇಶದ ಚಿತ್ರಗಾರರ ಪುಸ್ತಕವೊಂದರಲ್ಲಿ. ತೋಟ, ಕೊಳ, ಹೂವು, ಎಲ್ಲ ಇದ್ದವಂತೆ. "ಚೆಂದಾಗೇ ಬರ್ದವ್ರೆ. ಆದ್ರೆ ಅವ್ರ್ ತ್ವಾಟ, ಅವ್ರ್ ನೀರು, ಅವ್ರೇ ಮುಟ್ಕಬೌದು. ಅದ್ರಲ್ ಏನ್ ದೊಡ್ಡಸ್ತಿಕೆ?" ಎನ್ನುತ್ತಿದ್ದರು.

ಮಿಸ್ ನಿವೃತ್ತರಾದ ಮೇಲೆ, ನಾನು ಹಾಸನದಲ್ಲಿ ಎಂ.ಎ. ಓದುತ್ತಿದ್ದಾಗ, ಯಜಮಾನರು ತಾವಾಗಿಯೇ ಅವರ ಮನೆಯ ಬಾಗಿಲಿಗೆ ಬಂದರು. ರಜೆಯಲ್ಲಿದ್ದ ನಾನು ಅಲ್ಲಿಯೇ ಇದ್ದೆ. ಕೋಲೂರಿಕೊಂಡು ಕಾರಿನಿಂದಿಳಿದ ಮುದುಕರು, ಜೊತೆಗೆ ಮಗ. ಬೆತ್ತದ ಕುರ್ಚಿಯಲ್ಲಿ ಯಜಮಾನರು ಕೂತರು. ಮಗ ಹೊಸಿಲಾಚೆಯೇ ನಿಂತಿದ್ದರು. ನಾನು ನೀರು ತಂದಾಗ ಇಬ್ಬರೂ, "ಈಗಿನ್ನೂ ಕುಡ್ಕಂಡೇ ಬಂದೊ ಕಣವ್ವ," ಎಂದರು.

ವಿಷಯ ಇದು: ತೋಟದ ಆ ಭಾಗವನ್ನು ಕಡಿಸಿ ದೊಡ್ಡಮನೆಯವರು ಕಲ್ಯಾಣ ಮಂಟಪ ಕಟ್ಟಿದ್ದರು. ಕೊಳವನ್ನು ಮುಚ್ಚಿ ಅದರ ಮೇಲೆ ಕಾರು ನಿಲ್ಲಿಸುವ ಜಾಗ. ಈಗ ಗಂಗೆಪೂಜೆಗೆ ನೀರಿನ ಜಾಗವಿಲ್ಲ. ಊಟದ ಮನೆಯ ಹಿಂದಿನ ನಲ್ಲಿಗೆ ಹೂವು ಸುತ್ತಿ ಪೂಜೆ ಮಾಡಿದ್ದಕ್ಕೆ ಅರಕಲಗೂಡಿನ ಬೀಗರು "ಇದೇನ್ ಸಾ, ನಿಮ್ಮೂರ್ ಗಂಗಮ್ಮ ಪೈಪ್‌ನಾಗೆ ಬತ್ತಾಳಾ?" ಎಂದು ನಕ್ಕಿದ್ದರಂತೆ. ಅದು ಯಜಮಾನರಿಗೆ ತಾಗಿತ್ತು. ಮಂಟಪದೊಳಗಿನ ದೊಡ್ಡ ಗೋಡೆಯ ಮೇಲೆ ಹಳೆಯ ಕೊಳವನ್ನೇ ಬರೆಸಿ, ಕೆಳಗೊಂದು ಕಲ್ಲಿನ ತೊಟ್ಟಿ ಇಡುವ ಯೋಚನೆ.

"ನಮ್ಮೂರ ಎಣ್ಮಗ್ಳು ಇಷ್ಟು ಚೆನ್ನಾಗಿ ಬರಿತಾಳೆ ಅಂತ ಏಳಿದ್ರು. ಬಾಳ ಕುಸಿ ಆಯ್ತು ಕಣವ್ವ," ಎಂದು ಯಜಮಾನರು ಒಂದು ಹಳೆಯ ಫೋಟೋ ತೆಗೆದರು. ಕೊಳ, ಅದರಲ್ಲಿ ಅವರ ಮನೆಯ ಪ್ರತಿಬಿಂಬ. "ನಮ್ ಮನೆ ನೀರ್ನಾಗೆ ಇಂಗೇ ಕಾಣ್ಬೇಕು ನೋಡು."

ಮಿಸ್ ಫೋಟೋಗೆ ಕೈ ಚಾಚಲಿಲ್ಲ. "ಅದು ಬ್ಯಾಡ ಯಜಮಾನ್ರೇ. ನಂಗೆ ಆ ಕೊಳ ನೆಪ್ಪೈತೆ."

"ನೀ ಯಾವಾಗ್ ನೋಡಿದ್ಯವ್ವ?"

"ಸಣ್ಣೋಳಿದ್ದಾಗ ಒಂದ್ಸಲ. ಅತ್ರದಿಂದ್ಲೇ ನೋಡಿದ್ದೆ."

"ಔದಾ!" ಯಜಮಾನರ ಮುಖ ಅರಳಿತು. "ಎಂತಾ ನೀರು ಅಲ್ವಾ?"

ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ಅಲ್ಲಿ ಏನೂ ಇರಲಿಲ್ಲ. ಮುಚ್ಚಿಡುತ್ತಿರುವ ಗುರುತೂ ಇಲ್ಲ. ನಿಜವಾಗಿಯೂ ಮರೆತಿದ್ದರು.

ಮಿಸ್ ದುಡ್ಡಿನ ಮಾತೇ ಎತ್ತಲಿಲ್ಲ. ಒಂದೇ ಷರತ್ತು ಹಾಕಿದರು: ಕ್ಯಾನ್‌ವಾಸಿನ ಮೇಲಲ್ಲ, ಗೋಡೆಯ ಮೇಲೆಯೇ ಬರೆಯುತ್ತೇನೆ. ಕಳಚಿ ಒಯ್ಯುವ ಹಾಗಿರಬಾರದು. ಯಜಮಾನರು ಸಂತೋಷದಿಂದ ಒಪ್ಪಿ ಹೋದರು.

ಕಾರು ತಿರುಗಿದ್ದೇ ನಾನು ಸಿಟ್ಟಿನಿಂದ ಕೇಳಿದೆ, "ಯಾಕೆ ಒಪ್ಕಂಡ್ರಿ ಮಿಸ್? ಮನೆ ನೀರು ಮುಟ್ಲಿಲ್ಲ ಅವ್ರು."

"ಮರ್ತವ್ನೆ ಕಣೆ," ಎಂದರು ಮಿಸ್. ಅಂಥ ದನಿಯನ್ನು ನಾನು ಅದುವರೆಗೆ ಅವರಲ್ಲಿ ಕೇಳಿರಲಿಲ್ಲ. "ನಮ್ಮಪ್ಪ ಸಾಯೋಗಂಟ ಡಬ್ಬದ್ ಸದ್ದು ಕೇಳಿದ್ರೆ ಬೆಚ್ ಬೀಳ್ತಿದ್ದ. ಇವ್ನು ಮರ್ತೇ ಬುಟ್ಟವ್ನೆ." ಬಂದವರು ಮುಟ್ಟದೆ ಬಿಟ್ಟ ನೀರನ್ನು ಮಿಸ್ ತಾವೇ ಎತ್ತಿ ಕುಡಿದರು. "ಅಪ್ಪ ಎತ್ತಾಕಿದ್ ನೀರ್ನೆಲ್ಲ ವಾಪಸ್ ತುಂಬ್ತೀನಿ. ಅವ್ನ್ ಮಂಟಪದ್ ಒಳಗೇ ತುಂಬ್ತೀನಿ. ನೀನೂ ಬಾ."

ಆ ಬೇಸಿಗೆ ಪೂರ್ತಿ ನಾವಿಬ್ಬರೂ ಬಸ್ಸಿನಲ್ಲಿ ಊರಿಗೆ ಹೋಗಿ ಬಂದೆವು. ಬಣ್ಣ ಕಲಸುವುದು ನನ್ನ ಕೆಲಸ. ಮಂಟಪದವರು ನಮಗೆ ಟೀ ಕೊಡುತ್ತಿದ್ದುದು ಪೇಪರ್ ಕಪ್ಪಿನಲ್ಲಿ. ಗಾರೆ ಕೆಲಸದವರಿಗೆ ಸ್ಟೀಲ್ ಲೋಟ. ಮಿಸ್ ಕುಡಿದ ಕಪ್ಪುಗಳನ್ನು ಎಸೆಯದೆ ಸಾಲಾಗಿಟ್ಟು ಅವುಗಳಲ್ಲಿಯೇ ನನ್ನಿಂದ ಬಣ್ಣ ಕಲಸಿಸುತ್ತಿದ್ದರು. "ಇಟ್ಕ. ಇವೂ ಕೆಲ್ಸಕ್ಕೆ ಬತ್ತವೆ."

ಮೊದಲು ಗೋಡೆಗೆಲ್ಲ ನೇರಳೆ. ಅದರ ಮೇಲೆ ನೀಲಿ ಮತ್ತು ಹಸಿರಿನ ತುಣುಕುಗಳು. ನೈದಿಲೆಯ ಎಲೆಗಳನ್ನು ಅವರು ಹಸಿರಿನಲ್ಲಿ ಬರೆಯಲೇ ಇಲ್ಲ. ಸಂಜೆಯ ಬಿಸಿಲಿಗೆ ಸಿಕ್ಕ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ, ನೆರಳಿನಲ್ಲಿದ್ದದ್ದು ನೀಲಿಯಾಗುತ್ತದೆ. ಹೂವುಗಳಿಗೆ ಒಂದೊಂದು ಬಿಳಿ ಮತ್ತು ಗುಲಾಬಿಯ ಏಟು. ತೆಂಗಿನ ಮರಗಳ ಪ್ರತಿಬಿಂಬ ಉದ್ದುದ್ದ ಇಳಿದು ನಡುನಡುವೆ ತುಂಡಾಗುತ್ತದೆ. ಈ ತುಂಡಾಗುವುದರಲ್ಲೇ ಇಡೀ ಚಿತ್ರ ಇತ್ತು. ಗೋಡೆಯ ಕೆಳಗಿನ ಎಡಮೂಲೆಯಿಂದ ಹೊರಟ ಅಲೆಯ ಉಂಗುರಗಳು ದೊಡ್ಡದಾಗುತ್ತಾ ಪೂರ್ತಿ ಕೊಳವನ್ನು ದಾಟಿ ಆಚೆ ದಡ ಮುಟ್ಟುತ್ತವೆ. ದಾರಿಯಲ್ಲಿ ಸಿಕ್ಕ ಪ್ರತಿಯೊಂದು ಬಣ್ಣವನ್ನೂ ಒಡೆಯುತ್ತವೆ. ಯಾರೂ ಮುಟ್ಟದ ನೀರಿನಲ್ಲಿ ಮನೆ ಮನೆಯ ಹಾಗೆಯೇ ಕಾಣುತ್ತದೆ. ಈ ನೀರಿನಲ್ಲಿ ದೊಡ್ಡಮನೆ ಕೆನೆಬಣ್ಣದ ನೂರಾರು ಚೂರುಗಳಾಗಿ ಕಿತ್ತಳೆಯ ನಡುವೆ ಚೆದುರಿಹೋಗಿತ್ತು.

ಮುಗಿಯುವ ಹೊತ್ತಿಗೆ ಯಜಮಾನರು ನೋಡಲು ಬಂದರು. ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, "ಇದೇನವ್ವ, ಬರೀ ಬಣ್ಣ ಮೆತ್ತಿದ್ದೀಯ. ನಮ್ ಮನೆ ಎಲ್ಲೈತೆ?" ಎಂದರು.

"ಐತೆ ಯಜಮಾನ್ರೇ. ಅತ್ರದಿಂದ ಕಾಣಕ್ಕಿಲ್ಲ. ವಸಿ ದೂರ ನಿಂತ್ಕಳಿ."

ಅವರು ನಾಲ್ಕು ಹೆಜ್ಜೆ ಹಿಂದೆ ಹೋದರು.

"ಇನ್ನೂ ವಸಿ."

ಮತ್ತೆ ಹೋದರು.

"ಇನ್ನೂ ಇಂದಕ್ಕೋಗಿ. ಎದರ್ಕಬ್ಯಾಡಿ, ದಾರಿ ಬುಟ್ಟವ್ರೆ."

ಗಾರೆಯವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಯಜಮಾನರು ಕೋಲೂರಿ ಹಿಂದಕ್ಕೆ ಹಿಂದಕ್ಕೆ ಹೋಗಿ, ಮಂಟಪದ ಬಾಗಿಲು ದಾಟಿ, ಚಪ್ಪಲಿಗಳು ಬಿದ್ದಿದ್ದ ಜಾಗದಲ್ಲಿ ಬಿಸಿಲಿಗೆ ನಿಂತರು. ಅಲ್ಲಿಂದ ಕೂಗಿದರು, "ಆ! ಕಂಡ್ತು ಕಂಡ್ತು! ಅಯ್ಯೋ, ನೀರು ಅಲ್ಲಾಡ್ತಾ ಐತಲ್ಲವ್ವ!"

"ಅಲ್ಲೇ ನಿಂತ್ಕಳಿ ಯಜಮಾನ್ರೇ," ಎಂದು ಮಿಸ್ ಬಹಳ ಮೃದುವಾಗಿ ಹೇಳಿದರು. "ಈ ನೀರ್ನ ಅಲ್ಲಿಂದ್ಲೇ ನೋಡ್ಬೇಕು."

ಅವರು ಹೋದ ಮೇಲೆ ಮಿಸ್ ಉಂಗುರಗಳು ಹೊರಡುವ ಎಡಮೂಲೆಯಲ್ಲಿ ಮೊಣಕಾಲೂರಿ ಕೂತರು. ಬಲ ಅಂಗೈಗೆ ಕಿತ್ತಳೆ ಬಣ್ಣ ಬಳಿದುಕೊಂಡು ಗೋಡೆಯ ಹಸಿ ಬಣ್ಣಕ್ಕೆ ಒತ್ತಿದರು. ತೆಗೆದಾಗ ಐದು ಬೆರಳು ಮೂಡಿದ್ದವು. ಅವುಗಳ ಸುತ್ತ ಬಿಳಿ ಮತ್ತು ಗುಲಾಬಿಯ ಎರಡು ಮೂರು ಏಟು ಹಾಕಿದರು. ನೋಡುವವರಿಗೆ ಅದೊಂದು ಅರೆಬಿರಿದ ನೈದಿಲೆ.

ತೊಟ್ಟಿ ಇಡಲು ಜಾಗ ಗುರುತಿಸಿದ್ದುದು ಸರಿಯಾಗಿ ಅದರ ಕೆಳಗೆ.

ಚಿತ್ರ ಮುಗಿದ ಮೇಲಿನ ಮೊದಲ ಮದುವೆ ಯಜಮಾನರ ಮೊಮ್ಮಗಳದೇ. ಗಂಡಿನವರು ಚನ್ನರಾಯಪಟ್ಟಣದ ಕಡೆಯವರು. ಮಿಸ್‌ಗೂ ನನಗೂ ಆಹ್ವಾನವಿತ್ತು. ಓಲಗ ಮೊಳಗಿತು, ಹೆಂಗಸರು ಕಳಶ ಹಿಡಿದು ಬಂದರು, ತೊಟ್ಟಿಯ ಮುಂದೆ ರಂಗೋಲಿ ಇಟ್ಟು ಆರತಿ ಎತ್ತಿದರು. ಗಂಗಮ್ಮನಿಗೆ ಅರಿಶಿನ ಕುಂಕುಮ ಎಲ್ಲಿ ಹಚ್ಚುವುದೆಂದು ಒಂದು ಗಳಿಗೆ ಅನುಮಾನ ಬಂತು. ದೊಡ್ಡಮನೆಯ ಹಿರಿ ಸೊಸೆ, "ಆ ದೊಡ್ಡ ತಾವ್ರೆಗೇ ಅಚ್ಚಿ," ಎಂದರು. ಮದುಮಗಳು ಬಾಗಿ ಆ ಅಂಗೈಗೆ ಅರಿಶಿನ ಹಚ್ಚಿ, ಕುಂಕುಮವಿಟ್ಟು, ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಅದರ ಕೆಳಗಿನ ತೊಟ್ಟಿಯಿಂದ ಕಳಶ ತುಂಬಿಕೊಂಡಳು. ಕೊನೆಗೆ ಯಜಮಾನರು ಮೊಮ್ಮಗನ ಭುಜ ಹಿಡಿದು ಬಂದು ಕೈ ಮುಗಿದರು. ಬಾಗುವುದು ಕಷ್ಟವಿತ್ತು, ಆದರೂ ಬಾಗಿದರು.

ನಾನು ಮಿಸ್ ಕಡೆ ನೋಡಿದೆ. ಬಲಗೈ ಮಡಿಲಲ್ಲಿ ಮಡಚಿಕೊಂಡಿತ್ತು. ಅದನ್ನು ಹಾಗೆ ನಾನು ಕಂಡದ್ದು ಅದೇ ಮೊದಲು.

"ಅಪ್ಪ ನೋಡ್ಬೇಕಿತ್ತು," ಎಂದರು. ಆಮೇಲೆ ಊಟಕ್ಕೆ ಕೂತು ಹೋಳಿಗೆಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು.

ಹೋದ ವರ್ಷ ಮಿಸ್ ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದರು. ಗುಣವಾಗುವ ಕಾಯಿಲೆಯಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕಿಟಕಿಯ ಬಿಸಿಲು ಹಾಸಿಗೆಯ ಮೇಲೆ ಬಿದ್ದಾಗ ಅವರು ಬೆಡ್‌ಶೀಟಿನ ನೆರಳು ಯಾವ ಬಣ್ಣವೆಂದು ನನ್ನಿಂದ ಹೇಳಿಸುತ್ತಿದ್ದರು. ನಾನು ಬೂದು ಎಂದರೆ ಒಪ್ಪುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಕೇಳಿದೆ, "ಅದು ನಿಮ್ಮ ಕೈ ಅಂತ ಏಳ್ಬುಡ್ಲಾ ಮಿಸ್?"

"ನಾನಿರೋಗಂಟ ಬ್ಯಾಡ. ಇನ್ನೊಂದಷ್ಟು ಮದ್ವೆ ಆಗ್ಲಿ."

"ಆಮೇಲೆ?"

"ಏಳು. ಎಲ್ರುಗೂ ಗೊತ್ತಾಗೋ ಅಂಗೆ ಏಳು."

"ಸುಣ್ಣ ಬಳಿದ್ಬುಡ್ತಾರೆ ಮಿಸ್."

ಅವರಿಗೆ ನಗು ಬಂತು, ನಗುವಿನಿಂದ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಹೇಳಿದರು, "ಬಳೀಲಿ ಬುಡು. ಪೂಜೆ ಮಾಡಿದ್ದಾಗೋಗೈತಲ್ಲ, ಅದ್ಕೆಲ್ಲಿ ಬಳಿತಾರೆ?"

ಅವರನ್ನು ನಮ್ಮೂರಿನಲ್ಲಿ, ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಮೈ ತೊಳೆದ ನನ್ನ ಅತ್ತೆ ಉಗುರಿನ ಬಣ್ಣ ತೆಗೆಯಲು ಹೋದಾಗ ನಾನು ಬೇಡವೆಂದೆ.

ನಾನು ಮಾತು ಕಡಿಮೆ ಆಡುವವಳು. ಮಿಸ್ ನನಗೆ ನೆರಳಿನ ಬಣ್ಣ ನೋಡುವುದನ್ನು ಕಲಿಸಿದರು. ಆಗಿದ್ದನ್ನು ಮರೆಯದೆ ಇರುವುದನ್ನೂ, ಕಾಯುವುದನ್ನೂ ಕಲಿಸಿದರು. ಅದರ ಋಣಕ್ಕೆ, ಅವರು ಹೇಳಿಹೋದಂತೆ, ಎಲ್ಲರಿಗೂ ಗೊತ್ತಾಗುವ ಹಾಗೆ ಇದನ್ನು ಬರೆದಿದ್ದೇನೆ. ಯಜಮಾನರು ಇನ್ನೂ ಇದ್ದಾರೆ. ಅವರಿಗೆ ಕಣ್ಣು ಚೆನ್ನಾಗಿದೆಯಂತೆ, ದಿನಾ ಓದುತ್ತಾರಂತೆ.

ಆ ಗೋಡೆಯ ಮುಂದೆ ಗಂಗೆಪೂಜೆ ಮಾಡಿ ಮದುವೆಯಾದವರು ಈಗ ಹಾಸನದಲ್ಲಿದ್ದಾರೆ, ಅರಕಲಗೂಡಿನಲ್ಲಿದ್ದಾರೆ, ಚನ್ನರಾಯಪಟ್ಟಣದಲ್ಲಿದ್ದಾರೆ. ಅವರ ಮನೆಗಳಲ್ಲಿ ಮಕ್ಕಳು ಹುಟ್ಟಿದ್ದಾರೆ. ದೊಡ್ಡಮನೆಯ ಮರಿಮೊಮ್ಮಗ ಆಗಲೇ ಓಡಾಡುತ್ತಾನೆ. ಅವರೆಲ್ಲರ ಕಳಶಕ್ಕೂ ತುಂಬಿದ್ದು ನಮ್ಮ ಮಿಸ್ ಮುಟ್ಟಿದ ನೀರು. ಇದನ್ನು ಯಾವ ಡಬ್ಬದಲ್ಲಿ ಮೊಗೆದು ಎಲ್ಲಿಗೆ ಚೆಲ್ಲುತ್ತಾರೋ ನೋಡಬೇಕು. ನೋಡಲು ನಾನು ಹೋಗುತ್ತೇನೆ. ಈ ಸಲ ಬೇಲಿಯಾಚೆ ನಿಲ್ಲುವುದಿಲ್ಲ.